ಮರದ ಕೆತ್ತನೆ, ಸ್ವಂತ ಶೈಲಿ ಮತ್ತು ನಮ್ಮ ಶಾಲೆಯ ಮಕ್ಕಳು

ಹೊಸೂರಿನ ಯಾವುದಾದರೂ ದೊಡ್ಡ ರಸ್ತೆಯಲ್ಲಿ ಮರದ ಬಾಗಿಲು ಮಾರುವ ಅಂಗಡಿ ಮುಂದೆ ಐದು ನಿಮಿಷ ನಿಂತು ನೋಡಿ. ತೇಗದ ಬಾಗಿಲು, ಅದರ ಮೇಲೆ ಗಜಲಕ್ಷ್ಮಿ. ಪಕ್ಕದ ಅಂಗಡಿಗೆ ಹೋಗಿ, ಅಲ್ಲೂ ಅದೇ ಗಜಲಕ್ಷ್ಮಿ. ಆನೇಕಲ್ಲಿಗೆ ಹೋಗಿ, ಮಾಲೂರಿಗೆ ಹೋಗಿ, ಕೃಷ್ಣಗಿರಿಗೆ ಹೋಗಿ... ಅದೇ ಆನೆ, ಅದೇ ಸೊಂಡಿಲು, ಸೊಂಡಿಲಿನಲ್ಲಿ ಅದೇ ಮೂರು ಮಡಿಕೆ. ಎಲ್ಲಾ ಕಡೆ ಓಡುತ್ತಿರುವುದು ಒಂದೇ ಕಂಪ್ಯೂಟರ್ ಫೈಲು. ಸಿಎನ್‌ಸಿ ಮಿಷನ್ನಿಗೆ ಹಲಗೆ ಕೊಟ್ಟು ಗುಂಡಿ ಒತ್ತಿದರೆ ಮುಗಿಯಿತು, ಲಕ್ಷ್ಮಿ ಮೂಡುತ್ತಾಳೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಂಥ ಒಂದು ಕಡೆ ಕೆಲಸಕ್ಕಿದ್ದಾನೆ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮ. ಅವನ ಕೆಲಸ ಏನು ಗೊತ್ತೇ? ಮಿಷನ್ನಿನ ಬಿಟ್ ದುಂಡಗಿರುತ್ತದೆ, ತಿರುಗುತ್ತಾ ಕೊರೆಯುತ್ತದೆ. ಹಾಗಾಗಿ ಒಳಮೂಲೆಗಳು ಚೂಪಾಗಿ ಬರುವುದಿಲ್ಲ, ಮೊಂಡಾಗಿ ಉಳಿಯುತ್ತವೆ. ಆ ಮೂಲೆಗಳನ್ನು ಉಳಿ ಹಿಡಿದು ಬಿಡಿಸುವುದು ಇವನ ಪಾಲು. ದಿನಕ್ಕೆ ಎಷ್ಟು ಲಕ್ಷ್ಮಿಯರ ಕಿವಿಯ ಸಂದಿ ಬಿಡಿಸುತ್ತಾನೋ ಲೆಕ್ಕ ಇಟ್ಟಿಲ್ಲ ಅಂದ. ಆಮೇಲೆ ಕೇಳಿದ: "ಸಾರ್, ಇದು ಯಾರ ಕೈ ಅಂತ ನೋಡಿದ ತಕ್ಷಣ ಗೊತ್ತಾಗಬೇಕು, ಹಂಗೆ ಕೆತ್ತೋದು ಎಂಗೆ ಕಲಿಯೋದು?"

ನಾನು ಕೆತ್ತನೆಗಾರನಲ್ಲ. ಸಮಾಜ ಮತ್ತು ಕನ್ನಡ ಪಾಠ ಮಾಡುವ ಮೇಷ್ಟ್ರು. ಆದರೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ, ಯಾಕೆಂದರೆ ಇದು ಉಳಿಯ ಪ್ರಶ್ನೆ ಮಾತ್ರ ಅಲ್ಲ, ಶಾಲೆಯ ಪ್ರಶ್ನೆಯೂ ಹೌದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ಒಪ್ಪದವರು ಜಗಳಕ್ಕೆ ಬನ್ನಿ. ಸ್ವಂತ ಶೈಲಿಯನ್ನು ಹುಡುಕಿಕೊಂಡು ಹೋದರೆ ಸಿಗುವುದಿಲ್ಲ. ಅದು ಬರುವುದಕ್ಕೆ ಕೆಲವು ಅನುಕೂಲಗಳು ಬೇಕು. ಆ ಅನುಕೂಲಗಳನ್ನೆಲ್ಲ ನಾವು ಶಾಲೆಯಿಂದ ಒಂದೊಂದಾಗಿ ಹೊರಗೆ ಹಾಕಿದ್ದೇವೆ.

ಮೊದಲು ಶೈಲಿ ಅಂದರೆ ಏನು ಅಂತ ನೋಡೋಣ. ಮೇಷ್ಟ್ರುಗಳಿಗೆ ಇದನ್ನು ಹೇಳಿಕೊಡುವುದು ಸುಲಭ. ಒಂದನೇ ತರಗತಿಯಲ್ಲಿ ನಾವು ಸ್ಲೇಟಿನ ಮೇಲೆ 'ಅ' ಬರೆದುಕೊಡುತ್ತೇವೆ. ಮಗು ಅದರ ಮೇಲೇ ತಿದ್ದುತ್ತದೆ. ಆಮೇಲೆ ಕಾಪಿ ಪುಸ್ತಕ. ನಲವತ್ತು ಮಕ್ಕಳಿಗೂ ಅದೇ ಅ, ಅದೇ ಆ. ಯಾರಿಗೂ "ನಿನ್ನದೇ ಆದ 'ಅ' ಬರಿ" ಅಂತ ನಾವು ಹೇಳುವುದಿಲ್ಲ. ಆದರೆ ಹತ್ತನೇ ತರಗತಿಗೆ ಬರುವ ಹೊತ್ತಿಗೆ ಹೆಸರಿಲ್ಲದ ಉತ್ತರ ಪತ್ರಿಕೆ ಕೈಗೆ ಬಂದರೆ ಇದು ಇಂಥವನದ್ದೇ ಅಂತ ಹೇಳಿಬಿಡುತ್ತೇವೆ. ಒಬ್ಬನ ತಲೆಕಟ್ಟು ಗಾಳಿಗೆ ಹಾರಿದಂತೆ, ಇನ್ನೊಬ್ಬಳ ಕೊಂಬು ಚಿಕ್ಕದು, ಮತ್ತೊಬ್ಬ ಒತ್ತಕ್ಷರವನ್ನು ಕೆಳಗಿನ ಸಾಲಿಗೆ ತಳ್ಳುತ್ತಾನೆ. ಈ ಅಕ್ಷರದ ಕೈಯನ್ನು ಯಾರು ಕಲಿಸಿದರು? ಯಾರೂ ಇಲ್ಲ. ಹತ್ತು ವರ್ಷ ದಿನಾ ಬರೆದಿದ್ದಕ್ಕೆ ಬಂತು. ನಕಲು ಮಾಡಿದ್ದರಿಂದ ಸ್ವಂತದ್ದು ಕಳೆದುಹೋಗಲಿಲ್ಲ, ನಕಲು ಮಾಡುತ್ತಾ ಮಾಡುತ್ತಾ ಹುಟ್ಟಿತು.

ಕೆತ್ತನೆಯಲ್ಲೂ ಹೀಗೇ. ನಮ್ಮ ಶಿಲ್ಪಶಾಸ್ತ್ರದಲ್ಲಿ ತಾಳಮಾನ ಅಂತ ಒಂದು ಅಳತೆ ಇದೆ. ಕೂದಲಿನ ಅಂಚಿನಿಂದ ಗಲ್ಲದವರೆಗಿನ ಮುಖದ ಉದ್ದ ಒಂದು ತಾಳ, ಅಂದರೆ ಹನ್ನೆರಡು ಅಂಗುಲ. ಒಂಬತ್ತು ತಾಳದ ಮೂರ್ತಿಗೆ ಒಟ್ಟು 108 ಅಂಗುಲ. ಈ ಅಂಗುಲ ನಮ್ಮ ಸ್ಕೇಲಿನ ಇಂಚಲ್ಲ, ಮೂರ್ತಿ ಚಿಕ್ಕದಾದರೆ ಅಂಗುಲವೂ ಚಿಕ್ಕದಾಗುತ್ತದೆ. ಗಣಪತಿಗೆ ಐದು ತಾಳ, ಅದಕ್ಕೇ ಆತ ಕುಳ್ಳಗೆ ಮುದ್ದಾಗಿರುವುದು. ಯಾವ ಕೈಯಲ್ಲಿ ಏನಿರಬೇಕು, ಯಾವ ಕಾಲು ಮಡಚಬೇಕು, ಎಲ್ಲವೂ ಧ್ಯಾನಶ್ಲೋಕದಲ್ಲಿ ಮೊದಲೇ ನಿಗದಿ. ಇಷ್ಟೆಲ್ಲ ಕಟ್ಟುಪಾಡು ಇದ್ದಮೇಲೆ ಸ್ವಂತದ್ದಕ್ಕೆ ಜಾಗ ಎಲ್ಲಿ ಅಂತ ಕೇಳುತ್ತೀರಿ.

ಹಾಸನ ಜಿಲ್ಲೆಯ ನುಗ್ಗೇಹಳ್ಳಿಗೆ ಹೋಗಿ ನೋಡಿ. ಅಲ್ಲಿನ ಲಕ್ಷ್ಮೀನರಸಿಂಹ ದೇವಸ್ಥಾನ 1246ರದ್ದು. ಅದರ ಗೋಡೆಯಲ್ಲಿ ಬೈಚೋಜ ಮತ್ತು ಮಲ್ಲಿತಮ್ಮ ಅನ್ನುವ ಇಬ್ಬರು ಶಿಲ್ಪಿಗಳ ಕೆಲಸ ಇದೆ. ದಕ್ಷಿಣದ ಗೋಡೆಯದು ಬೈಚೋಜನದ್ದು, ಉತ್ತರದ್ದು ಮಲ್ಲಿತಮ್ಮನದ್ದು ಅಂತ ವಿದ್ವಾಂಸರು ಗುರುತಿಸಿದ್ದಾರೆ. ಒಂದೇ ಗುಡಿ, ಒಂದೇ ಕಲ್ಲು, ಒಂದೇ ಶಾಸ್ತ್ರ, ಅವೇ ದೇವರುಗಳು. ಆದರೂ ಕೈ ಎರಡು! ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಲ್ಲೂ ಇದೆ, 1258ರ ಸೋಮನಾಥಪುರದಲ್ಲೂ ಇದೆ. ಒಬ್ಬನೇ ಮಲ್ಲಿತಮ್ಮ ಆಗಿದ್ದರೆ ಅರವತ್ತು ವರ್ಷಕ್ಕೂ ಮೀರಿ ಚಾಣ ಹಿಡಿದಿದ್ದ ಅಂತಾಯಿತು (ನಮಗೆ ಅರವತ್ತಕ್ಕೆ ರಿಟೈರ್ಮೆಂಟು!). ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣನ ಹೆಸರುಗಳಿವೆ. ಅಪ್ಪ ಮಗ ಇಬ್ಬರೂ ತಮ್ಮ ತಮ್ಮ ಗೊಂಬೆಗೆ ತಮ್ಮ ತಮ್ಮ ಹೆಸರು ಹಾಕಿಕೊಂಡರು. ಅದೂ ಕನ್ನಡದಲ್ಲಿ.

ಮರದ ವಿಷಯಕ್ಕೆ ಕಲ್ಲನ್ನು ಯಾಕೆ ತಂದೆ ಅಂದರೆ, ಮರದ್ದು ಉಳಿದಿಲ್ಲ. ಗೆದ್ದಲಿಗೆ ಬೈಚೋಜನೂ ಒಂದೇ, ನಾವೂ ಒಂದೇ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನಲ್ಲಿ ಭೂತಗಳ ದೊಡ್ಡ ದೊಡ್ಡ ಮರದ ಮೂರ್ತಿಗಳಿವೆ, ಕೆಂಪು ಬಣ್ಣ, ಅಗಲ ಕಣ್ಣು, ನೋಡಿದರೆ ಎದೆ ಝಲ್ ಅನ್ನಬೇಕು. ಮರ ಹಳತಾದಾಗ ಹೊಸದು ಮಾಡಿ ನಿಲ್ಲಿಸುತ್ತಾರೆ. ಹಳೆಯವು ಕೆಲವು ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಂ ಸೇರಿವೆ. ಕೆತ್ತಿದವರ ಹೆಸರು ಮಾತ್ರ ಎಲ್ಲೂ ಸೇರಲಿಲ್ಲ.

ಇನ್ನು ಮರದ ಮಾತು. ಶೈಲಿಯ ಅರ್ಧ ಪಾಲು ಮರದಿಂದಲೇ ಬರುತ್ತದೆ ಅನ್ನುವುದನ್ನು ನಾನು ಪುಸ್ತಕಕ್ಕಿಂತ ಹೆಚ್ಚಾಗಿ ನಮ್ಮ ಕಡೆಯ ಒಬ್ಬ ಹಿರಿಯ ಆಚಾರರಿಂದ ತಿಳಿದುಕೊಂಡೆ. ಅವರು ನೇಗಿಲು, ಗಾಡಿ, ಬಾಗಿಲು ಮಾಡುತ್ತಿದ್ದವರು. "ಮೇಷ್ಟ್ರೇ, ಮೊದಲು ಎಳೆ ಎತ್ತಲಾಗೈತೆ ನೋಡ್ಬೇಕು, ಆಮೇಲೆ ದೇವ್ರು ಯಾವುದು ಅಂತ ನೋಡ್ಬೇಕು" ಅನ್ನುತ್ತಿದ್ದರು. ಎಳೆಯ ಜೊತೆ ಉಳಿ ಓಡಿಸಿದರೆ ಮರ ಸುರುಳಿ ಸುರುಳಿಯಾಗಿ ಬಿಟ್ಟುಕೊಡುತ್ತದೆ. ಎದುರು ಓಡಿಸಿದರೆ ನಾರು ಕಿತ್ತುಕೊಂಡು ಬಂದು ಮೂರ್ತಿಯ ಮೂಗೇ ಹೋಗುತ್ತದೆ. ಗಂಟು ಬಂದರೆ ಉಳಿ ಜಾರುತ್ತದೆ. ಒಬ್ಬ ಗಂಟನ್ನು ತಪ್ಪಿಸಿ ಕೆತ್ತುತ್ತಾನೆ, ಇನ್ನೊಬ್ಬ ಗಂಟು ಬಂದ ಕಡೆಯೇ ಹೊಕ್ಕುಳು ಮಾಡುತ್ತಾನೆ. ಇಂಥ ಸಣ್ಣ ಸಣ್ಣ ತೀರ್ಮಾನಗಳು ಸಾವಿರ ಸೇರಿದಾಗ ಅದನ್ನು ನೋಡಿದವರು 'ಶೈಲಿ' ಅನ್ನುತ್ತಾರೆ. ಮಾಡುವವನಿಗೆ ಅದು ಆವತ್ತಿನ ಕೆಲಸ, ಅಷ್ಟೆ.

ಒಂದೊಂದು ಮರ ಒಂದೊಂದು ಥರ. ಸಾಗರ, ಸೊರಬ, ಶಿರಸಿ, ಕುಮಟಾ ಕಡೆಯ ಗುಡಿಗಾರರು ಶ್ರೀಗಂಧದಲ್ಲಿ ಅಷ್ಟು ಸಣ್ಣ ಕೆಲಸ ಮಾಡಿದ್ದು ಕೈಚಳಕದಿಂದ ಮಾತ್ರ ಅಲ್ಲ. ಗಂಧದ ಎಳೆ ಬಹಳ ಒತ್ತೊತ್ತು, ಕೂದಲೆಳೆಯಷ್ಟು ಗೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮಲ್ಲಿಗೆ ಮೊಗ್ಗು, ಬಳ್ಳಿ, ಹೂವಿನ ಒಳಗೆ ಹಕ್ಕಿ, ಎಲ್ಲಾ ಸಾಧ್ಯ. ಗಂಧ ಸಿಗುವುದು ಕಷ್ಟವಾಗಿ ಶಿವನೆ ಮರಕ್ಕೆ ಇಳಿದ ಮೇಲೆ ಅದೇ ಕೈಗಳು ಅದೇ ಸಣ್ಣ ಕೆಲಸವನ್ನು ಹಾಗೇ ಮಾಡಲಾಗುವುದಿಲ್ಲ. ಮರ ಬೇರೆ ಕೇಳುತ್ತದೆ. ಇನ್ನೊಂದು ಕಡೆ ಕೊಪ್ಪಳ ಜಿಲ್ಲೆಯ ಕಿನ್ನಾಳ ನೋಡಿ. ಅಲ್ಲಿ ಹಗುರ ಮರ. ಅದರ ಮೇಲೆ ಹುಣಸೆ ಬೀಜದ ಅಂಟು, ಮರದ ಪುಡಿ, ಸೆಣಬಿನ ಚೂರು ಹಚ್ಚಿ ಮೈ ಕೂಡಿಸಿ ಆಮೇಲೆ ಬಣ್ಣ. ಉಳಿ ಅರ್ಧ ಹೇಳುತ್ತದೆ, ಉಳಿದದ್ದನ್ನು ಕುಂಚ ಹೇಳುತ್ತದೆ. ಹಾಗಾಗಿ ಕಿನ್ನಾಳದ ಗೊಂಬೆಗೆ ದುಂಡು ಮೈ, ದೊಡ್ಡ ಬಣ್ಣ, ಸಾಗರದ ಪೆಟ್ಟಿಗೆಗೆ ಬಣ್ಣವೇ ಇಲ್ಲ. ಎರಡರಲ್ಲಿ ಯಾವುದು ಮೇಲು ಅಂತ ಕೇಳಬೇಡಿ, ಅದು ರಾಗಿ ಮುದ್ದೆ ಮೇಲೋ ಜೋಳದ ರೊಟ್ಟಿ ಮೇಲೋ ಅನ್ನುವ ಜಗಳ.

ನವರಾತ್ರಿಗೆ ನಾವು ಕೂರಿಸುವ ಪಟ್ಟದ ಗೊಂಬೆ ನೋಡಿದ್ದೀರಲ್ಲ? ತಮಿಳಿನವರು ಮರಪ್ಪಾಚ್ಚಿ ಅನ್ನುತ್ತಾರೆ. ರಕ್ತಚಂದನದ್ದು. ಅದು ಎಂಥಾ ಭಾರದ ಮರ ಅಂದರೆ ನೀರಿಗೆ ಹಾಕಿದರೆ ಮುಳುಗುತ್ತದೆ. ಅದರಲ್ಲಿ ಸಣ್ಣ ಕೆಲಸ ಮಾಡುವುದು ಪ್ರಯಾಸ. ಹಾಗಾಗಿ ನೆಟ್ಟಗೆ ನಿಂತ ಮೈ, ಚಪ್ಪಟೆ ಮುಖ, ನಾಲ್ಕು ಗೀರಿನಲ್ಲಿ ಕಣ್ಣು ಮೂಗು. ಉಳಿದ ಅಲಂಕಾರವನ್ನು ಮನೆಯ ಹೆಣ್ಣುಮಕ್ಕಳು ಸೀರೆ ಪಂಚೆ ಉಡಿಸಿ ಮುಗಿಸುತ್ತಾರೆ. ಎಷ್ಟು ಬಿಡಬೇಕು ಅನ್ನುವುದು ಆ ಗೊಂಬೆ ಮಾಡಿದವರಿಗೆ ಗೊತ್ತಿತ್ತು. ಕಲಿಯುವ ಹುಡುಗರು ಇದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು ಅಂತ ನನ್ನ ಆಸೆ. ಈಗಿನ ಬಾಗಿಲುಗಳಲ್ಲಿ ಒಂದು ಇಂಚು ಜಾಗವನ್ನೂ ಖಾಲಿ ಬಿಡುವುದಿಲ್ಲ, ಮಿಷನ್ನಿಗೆ ಕೈ ನೋಯುವುದಿಲ್ಲವಲ್ಲ!

ಇನ್ನೊಂದು ತೀರ್ಮಾನ ಇದೆ. ಅದು ಕೊನೆಯ ಹಂತದ್ದು. ಉಪ್ಪುಕಾಗದ ಹಾಕಿ ಉಜ್ಜಿ ನುಣ್ಣಗೆ ಮಾಡುವುದೋ, ಉಳಿಯ ಗುರುತನ್ನು ಹಾಗೇ ಬಿಡುವುದೋ? ನಮ್ಮಲ್ಲಿ ನುಣುಪು ಇದ್ದರೆ ಮಾತ್ರ 'ಫಿನಿಶಿಂಗ್' ಚೆನ್ನಾಗಿದೆ ಅನ್ನುತ್ತಾರೆ. ಆದರೆ ಜಪಾನಿನಲ್ಲಿ ಎಂಕು ಅಂತ ಒಬ್ಬ ಬೌದ್ಧ ಸನ್ಯಾಸಿ ಇದ್ದ, 1632ರಿಂದ 1695ರವರೆಗೆ ಬದುಕಿದವನು. ಅಲ್ಲಿ ಬುದ್ಧನ ಮೂರ್ತಿ ಕೆತ್ತುವುದು ಗುರುಪರಂಪರೆಯ ಕಾರ್ಯಾಗಾರಗಳ ಕೆಲಸ, ಮೂರ್ತಿಗೆ ಬಣ್ಣ, ಚಿನ್ನದ ಲೇಪ ಎಲ್ಲ ಇರುತ್ತಿತ್ತು. ಈ ಎಂಕು ಅಂಥ ಯಾವ ಪರಂಪರೆಗೂ ಸೇರಿದವನಲ್ಲ. ಊರೂರು ಅಲೆಯುತ್ತಾ, ಸಿಕ್ಕಿದ ಮರದ ತುಂಡನ್ನು ಸೀಳಿ, ಕೊಡಲಿ ಉಳಿಯ ಏಟುಗಳನ್ನು ಹಾಗೇ ಉಳಿಸಿ ಬುದ್ಧನನ್ನು ಮಾಡಿ ಹಳ್ಳಿಯವರಿಗೆ ಕೊಟ್ಟು ಮುಂದೆ ಹೋಗುತ್ತಿದ್ದ. 1,20,000 ಮೂರ್ತಿ ಮಾಡುವ ಹರಕೆ ಹೊತ್ತಿದ್ದ ಅಂತ ಪ್ರತೀತಿ. ಸಾವಿರಾರು ಮೂರ್ತಿಗಳು ಇವತ್ತಿಗೂ ಉಳಿದಿವೆ. ಒಂದು ನೋಡಿದರೆ ಸಾಕು, ಇನ್ನೊಂದನ್ನು ಎಲ್ಲಿದ್ದರೂ ಗುರುತು ಹಿಡಿಯಬಹುದು. ಮುಖದಲ್ಲಿ ನಗು ಇರುತ್ತದೆ.

ಎಂಕುವಿನ ಮಾತು ಬಂದಿದ್ದಕ್ಕೆ ಕಾರಣ ಇದೆ. ಪರಂಪರೆಗೆ ಸೇರದವನು ಉಳಿ ಹಿಡಿಯಬಹುದೇ ಅನ್ನುವ ಪ್ರಶ್ನೆ ನಮ್ಮೂರಿಗೆ ಬಹಳ ಹತ್ತಿರದ್ದು.

ತೊರಪಲ್ಲಿ ಅಗ್ರಹಾರ ಅಂದರೆ ರಾಜಾಜಿ ಹುಟ್ಟಿದ ಊರು, 1878ರ ಡಿಸೆಂಬರ್ 10. ಅವರು ಹುಟ್ಟಿದ ಮನೆಯನ್ನು ಸರ್ಕಾರ ಸ್ಮಾರಕ ಮಾಡಿ ಇಟ್ಟುಕೊಂಡಿದೆ. ಹೊರಗಿನಿಂದ ಯಾರೇ ಬಂದರೂ ಮೊದಲು ಕೇಳುವುದು ಆ ಮನೆ ಎಲ್ಲಿ ಅಂತಲೇ. ಇದೇ ರಾಜಾಜಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾಗಿದ್ದಾಗ, 1953ರಲ್ಲಿ, ಹಳ್ಳಿ ಶಾಲೆಗಳಿಗೆ ಒಂದು ಹೊಸ ಯೋಜನೆ ತಂದರು. ಮಕ್ಕಳಿಗೆ ದಿನಕ್ಕೆ ಮೂರು ಗಂಟೆ ಮಾತ್ರ ಪಾಠ, ಎರಡು ಪಾಳಿ. ಉಳಿದ ಹೊತ್ತು ಮನೆಯಲ್ಲಿ ಅಪ್ಪನ ಕಸುಬು ಕಲಿಯುವುದು. ಖರ್ಚಿಲ್ಲದೆ ಎರಡರಷ್ಟು ಮಕ್ಕಳನ್ನು ಶಾಲೆಗೆ ಸೇರಿಸಬಹುದು, ಕೈಕಸುಬೂ ಉಳಿಯುತ್ತದೆ ಅನ್ನುವುದು ಲೆಕ್ಕ. ಪೆರಿಯಾರ್ ಮತ್ತು ದ್ರಾವಿಡ ಚಳವಳಿಯವರು ಇದನ್ನು 'ಕುಲ ಕಲ್ವಿ ತಿಟ್ಟಂ' ಅಂದರು, ಅಂದರೆ ಕುಲದ ಶಿಕ್ಷಣ. ಬಡಗಿಯ ಮಗ ಬಡಗಿ, ಕ್ಷೌರಿಕನ ಮಗ ಕ್ಷೌರಿಕ, ಹಾಗಾದರೆ ಶಾಲೆ ಯಾಕೆ ಬೇಕು ಅಂತ ಕೇಳಿದರು. ಭಾರೀ ಪ್ರತಿಭಟನೆ ಆಯಿತು. 1954ರಲ್ಲಿ ರಾಜಾಜಿ ಇಳಿದರು, ಕಾಮರಾಜ್ ಬಂದರು, ಯೋಜನೆ ರದ್ದಾಯಿತು.

ನಮ್ಮೂರಿನವರು ಅಂತ ನಾನು ರಾಜಾಜಿಯವರ ಪರ ವಾದ ಮಾಡುವುದಿಲ್ಲ. ಅವರ ಬರವಣಿಗೆ, ಸ್ವಾತಂತ್ರ್ಯ ಹೋರಾಟಕ್ಕೆ ಗೌರವ ಇದ್ದೇ ಇದೆ, ಆದರೆ ಈ ವಿಷಯದಲ್ಲಿ ವಿರೋಧಿಸಿದವರದ್ದೇ ಸರಿ. ಮನೆಯಲ್ಲಿ ಏನಿದೆಯೋ ಅದನ್ನೇ ಕಲಿ ಅನ್ನುವುದಕ್ಕೆ ಸರ್ಕಾರ ಬೇಕಾಗಿಲ್ಲ. ನನ್ನ ತಕರಾರು ಆಮೇಲೆ ಆದದ್ದರ ಬಗ್ಗೆ. ಕುಲದ ಜೊತೆಗೆ ಕಸುಬನ್ನೂ ಶಾಲೆಯ ಹೊರಗೆ ಹಾಕಿಬಿಟ್ಟೆವು. 'ಅಪ್ಪನ ಉಳಿ ಮಗನಿಗೇ' ಅನ್ನುವುದನ್ನು ತೆಗೆಯಬೇಕಿತ್ತು, ಸರಿ. ಆದರೆ ಆ ಜಾಗದಲ್ಲಿ 'ಉಳಿ ಎಲ್ಲರ ಮಕ್ಕಳಿಗೂ' ಅಂತ ಬರಬೇಕಿತ್ತು. ಬರಲಿಲ್ಲ. ಫಲ ಏನಾಯಿತು? ಶಾಲೆಯಲ್ಲಿ ಸಿಗದ ಕಸುಬು ಮತ್ತೆ ಮನೆಯಲ್ಲೇ, ಅಂದರೆ ಜಾತಿಯಲ್ಲೇ ಉಳಿಯಿತು. ಯಾವುದನ್ನು ಬೇಡ ಅಂದರೋ ಅದೇ ಹಿಂಬಾಗಿಲಿನಿಂದ ಮುಂದುವರಿಯಿತು. ಆ ಮನೆಗಳ ಮಕ್ಕಳೂ ಈಗ ಸಿಪ್ಕಾಟ್ ಕಾರ್ಖಾನೆಗಳ ಶಿಫ್ಟಿಗೆ ಹೋಗುತ್ತಿದ್ದಾರೆ. ಹೋಗಲಿ, ತಿಂಗಳ ಸಂಬಳ ಬೇಡ ಅನ್ನುವುದಕ್ಕೆ ಸರ್ಕಾರಿ ಸಂಬಳ ತಿನ್ನುವ ನನಗೆ ಯಾವ ಹಕ್ಕೂ ಇಲ್ಲ.

ಈ ಜಗಳ ಹಳೆಯದು ಅಂದುಕೊಳ್ಳಬೇಡಿ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ 18 ಕಸುಬುಗಳಿಗೆ ವಿಶ್ವಕರ್ಮ ಯೋಜನೆ ತಂದಾಗ, ಅದರಲ್ಲಿ ಕುಟುಂಬದ ಕಸುಬು ಅನ್ನುವ ಮಾತು ಇದೆ ಅಂತ 2024ರಲ್ಲಿ ತಮಿಳುನಾಡು ಸರ್ಕಾರ ಅದನ್ನು ಹಾಗೇ ಜಾರಿ ಮಾಡಲು ಒಪ್ಪಲಿಲ್ಲ. 2025ರಲ್ಲಿ 'ಕಲೈಜ್ಞರ್ ಕೈವಿನೈ ತಿಟ್ಟಂ' ಅಂತ ತನ್ನದೇ ಯೋಜನೆ ತಂದಿತು, ಅದಕ್ಕೆ ಕುಲದ ಕಸುಬು ಆಗಿರಬೇಕಿಲ್ಲ. ತತ್ವ ಒಳ್ಳೆಯದು. ಆದರೆ ಇವೆರಡೂ ಕೈಗೆ ಕಸುಬು ಬಂದ ದೊಡ್ಡವರಿಗೆ ಸಾಲ, ಸಲಕರಣೆಯ ಯೋಜನೆಗಳು. ಹತ್ತು ವರ್ಷದ ಮಗುವಿನ ಕೈಗೆ ಉಳಿ ಕೊಡುವುದು ಯಾರು? ಅಕ್ಷರದ ಕೈ ಬರಲು ಹತ್ತು ವರ್ಷ ಬೇಕಾದರೆ ಉಳಿಯ ಕೈ ಬರಲು ಎಷ್ಟು ಬೇಕು? ಶಾಲೆ ಬಿಟ್ಟ ಮೇಲೆ ಆರು ತಿಂಗಳ ತರಬೇತಿ ಕೊಟ್ಟು "ನಿನ್ನದೇ ಶೈಲಿ ತೋರಿಸು" ಅಂದರೆ ಅವನು ಮೊಬೈಲಿನಲ್ಲಿ ಚಿತ್ರ ಹುಡುಕುತ್ತಾನೆ, ಮತ್ತೇನು ಮಾಡಿಯಾನು.

ಒಂದು ವಸ್ತು ಪ್ರದರ್ಶನದ ವಿಷಯ ಹೇಳುತ್ತೇನೆ, ಎಲ್ಲಿ ಅಂತ ಬೇಡ. ಮಕ್ಕಳ ಕರಕುಶಲ ವಿಭಾಗ. ಮುಕ್ಕಾಲು ಪಾಲು ಅಂಗಡಿಯಲ್ಲಿ ಕೊಂಡು ತಂದ ಎಂಡಿಎಫ್ ಹಲಗೆಯ ತುಂಡುಗಳು, ಅಂಟಿಸಿ ಬಣ್ಣ ಬಳಿದಿದ್ದು. ಒಬ್ಬ ಹುಡುಗ ಮಾತ್ರ ಬೇವಿನ ಮರದಲ್ಲಿ ಒಂದು ಎಮ್ಮೆ ಮಾಡಿ ತಂದಿದ್ದ. ಕುಡುಗೋಲಿನ ತುದಿಯಲ್ಲೇ ಕೆತ್ತಿದ್ದಂತೆ. ಒಂದು ಕೊಂಬು ಉದ್ದ, ಒಂದು ಗಿಡ್ಡ. ಹೊಟ್ಟೆ ಮಾತ್ರ ನೋಡಬೇಕಿತ್ತು, ಒಂದು ಕಡೆಗೆ ಜೋತು ಬಿದ್ದು, ಈಗ ತಾನೆ ಕೆರೆಯಿಂದ ಎದ್ದು ಬಂದ ಗಬ್ಬದ ಎಮ್ಮೆ! ದಿನಾ ಎಮ್ಮೆ ಮೇಯಿಸುವವನ ಕಣ್ಣು ಅದು. ತೀರ್ಪುಗಾರರು ಬಂದರು, ಎತ್ತಿ ನೋಡಿದರು, "ಕೊಂಬು ಸಮ ಇಲ್ಲ" ಅಂದು ಕೆಳಗಿಟ್ಟರು. ಬಹುಮಾನ ಎಂಡಿಎಫ್ ಗಣಪನಿಗೆ ಹೋಯಿತು. ಹುಡುಗ ಏನೂ ಅನ್ನಲಿಲ್ಲ, ಎಮ್ಮೆಯನ್ನು ಬ್ಯಾಗಿಗೆ ಹಾಕಿಕೊಂಡ. ಅವನ ಎಮ್ಮೆಗೆ ಕೊಂಬು ನಿಜವಾಗಿಯೂ ಹಾಗೇ ಇತ್ತಂತೆ, ಆಮೇಲೆ ಹೇಳಿದ.

ಮಗುವಿಗೆ ಹೇಳಬೇಕಾದ್ದು ಇಷ್ಟೇ ಅಂತ ನನಗನ್ನಿಸುತ್ತದೆ. ಕೈ ಪಳಗಲು ಹಳೆಯದನ್ನು ನಕಲು ಮಾಡು, ಬಾಳೆ ಎಲೆ, ಕಮಲ, ಹಂಸ ಏನೇ ಇರಲಿ ನೂರು ಸಲ ಮಾಡು. ಆದರೆ ವಾರಕ್ಕೊಂದು ಸಲ ಚಿತ್ರದ ಪುಸ್ತಕ ಮುಚ್ಚಿ ನೀನು ಕಣ್ಣಾರೆ ನೋಡಿದ್ದನ್ನು ಮಾಡು. ನಮ್ಮ ಕಡೆ ನೋಡುವುದಕ್ಕೆ ಕಡಿಮೆಯೇ? ಡೆಂಕಣಿಕೋಟೆ ಕಾಡಿನಿಂದ ರಾಗಿ ಹೊಲಕ್ಕೆ ಬರುವ ಆನೆ, ಹೊಲದ ಬದಿಯಲ್ಲಿ ನಿಂತ ವೀರಗಲ್ಲು, ಹೊಸೂರಿನ ಗುಲಾಬಿ ತೋಟ, ಪೊನ್ನೈಯಾರಿನ (ನಮ್ಮ ದಕ್ಷಿಣ ಪಿನಾಕಿನಿಯ) ದಂಡೆಯ ಬೆಳ್ಳಕ್ಕಿ. ಬಾಗಿಲಿನ ಗಜಲಕ್ಷ್ಮಿಯ ಆನೆಯನ್ನು ಮಾಡಿದ ಕಂಪ್ಯೂಟರ್ ಆನೆಯನ್ನು ನೋಡಿಲ್ಲ. ನಮ್ಮ ಮಕ್ಕಳು ನೋಡಿದ್ದಾರೆ, ಕೆಲವರು ಬಹಳ ಹತ್ತಿರದಿಂದ ನೋಡಿ ಓಡಿಬಂದಿದ್ದಾರೆ.

ಇದನ್ನು ಬರೆಯುವಾಗ ನನಗೆ ನಮ್ಮ ಭಾಷೆಯೂ ನೆನಪಾಗುತ್ತದೆ. ಗಡಿಯ ಆಚೆಯಿಂದ ಬಂದ ಅತಿಥಿಗಳು ನಮ್ಮ ಮಕ್ಕಳ ಕನ್ನಡ ಕೇಳಿ "ಪಾಪ, ತಮಿಳು ತೆಲುಗು ಬೆರೆತುಬಿಟ್ಟಿದೆ" ಅನ್ನುತ್ತಾರೆ. ಮನೆಯಲ್ಲಿ ಒಂದು, ಬಸ್ಸಿನಲ್ಲಿ ಒಂದು, ಅಂಗಡಿಯಲ್ಲಿ ಇನ್ನೊಂದು ಭಾಷೆ ಆಡಿ ಬೆಳೆದ ಮಕ್ಕಳ ಕನ್ನಡ ಮೈಸೂರಿನ ಕನ್ನಡದಂತೆ ಹೇಗಿರುತ್ತದೆ? ಪರೀಕ್ಷೆಗೆ ಗ್ರಾಂಥಿಕ ಕನ್ನಡ ಕಲಿಸುತ್ತೇವೆ, ಕಲಿಸಲೇಬೇಕು, ಅದು ನಮ್ಮ ತಾಳಮಾನ. ಆದರೆ ಮಗು ತನ್ನ ಮಾತಿನಲ್ಲಿ ಕಥೆ ಹೇಳಿದಾಗ 'ಕೊಂಬು ಸಮ ಇಲ್ಲ' ಅಂತ ಕೆಳಗಿಡುವ ತೀರ್ಪುಗಾರರು ನಾವಾಗಬಾರದು ಅಲ್ವೇ? ಕನ್ನಡ ಮಾಧ್ಯಮಕ್ಕೆ ಮಕ್ಕಳು ಕಡಿಮೆಯಾಗುತ್ತಿರುವ ಈ ಹೊತ್ತಿನಲ್ಲಿ ಉಳಿದಿರುವ ಮಕ್ಕಳಿಗೆ ಬೇರೆಲ್ಲೂ ಸಿಗದ್ದು ಏನನ್ನು ಕೊಡುತ್ತಿದ್ದೇವೆ ಅಂತ ಒಮ್ಮೆ ಕೇಳಿಕೊಳ್ಳೋಣ. ಇಂಗ್ಲಿಷ್ ಶಾಲೆಗಳ ಜೊತೆ ಟೈ ಬೆಲ್ಟಿನಲ್ಲಿ ಸ್ಪರ್ಧೆ ಮಾಡಿ ಗೆಲ್ಲುವುದಿಲ್ಲ.

ದುಡ್ಡಿನ ಮಾತನ್ನೂ ಆಡಬೇಕು, ಇಲ್ಲದಿದ್ದರೆ ಮೇಷ್ಟ್ರು ಬರೀ ಉಪದೇಶ ಅನ್ನುತ್ತೀರಿ. ಸ್ವಂತ ಶೈಲಿ ಮೊದಲ ಹತ್ತು ವರ್ಷ ಅನ್ನ ಹಾಕುವುದಿಲ್ಲ. ಮನೆ ಕಟ್ಟಿಸುವವರು ಪಕ್ಕದ ಮನೆಯ ಬಾಗಿಲಿನಂಥದ್ದನ್ನೇ ಕೇಳುತ್ತಾರೆ. ಮಿಷನ್ ಕೆತ್ತನೆಯ ರೇಟಿಗೆ ಕೈ ಕೆತ್ತನೆ ಬರುವುದಿಲ್ಲ. ಆದ್ದರಿಂದ ಹಗಲು ಮಿಷನ್ನಿನ ಮೂಲೆ ಬಿಡಿಸುವ ಹುಡುಗನಿಗೆ ಆ ಕೆಲಸ ಬಿಡು ಅಂತ ನಾನು ಹೇಳಲಾರೆ. ಅದರಲ್ಲೂ ಕಲಿಯುವುದಿದೆ, ಉಳಿ ಮಸೆಯುವುದು, ಮೂಲೆ ಚೂಪು ಮಾಡುವುದು, ಎಳೆ ನೋಡುವುದು. ಕೂಲಿ ತೆಗೆದುಕೊಂಡೇ ಅಭ್ಯಾಸ ಆಯಿತು ಅಂದುಕೊಳ್ಳಲಿ. ಭಾನುವಾರ ಒಂದು ತುಂಡು ಮರ ಅವನದ್ದಾಗಿರಲಿ.

ಜಿಐ ಟ್ಯಾಗಿನ ಬಗ್ಗೆ ಈಗ ಬಹಳ ಸಂಭ್ರಮ. ಕಿನ್ನಾಳಕ್ಕೆ ಇದೆ, ಚನ್ನಪಟ್ಟಣಕ್ಕೆ ಇದೆ. ತಮಿಳುನಾಡಿನಲ್ಲಿ ಪೆರಂಬಲೂರು ಜಿಲ್ಲೆಯ ಅರುಂಬಾವೂರಿನ ಮರದ ಕೆತ್ತನೆಗೆ 2020ರಲ್ಲಿ ಬಂತು. ಅಲ್ಲಿಯವರು ಇಡೀ ಮೂರ್ತಿಯನ್ನು ಒಂದೇ ಮರದ ತುಂಡಿನಿಂದ ತೆಗೆಯುತ್ತಾರೆ, ಜೋಡಿಸುವುದಿಲ್ಲ. ಸಂತೋಷವೇ. ಆದರೆ ಆ ಟ್ಯಾಗು ಕಾಪಾಡುವುದು ಊರಿನ ಹೆಸರನ್ನು, ಕೆತ್ತಿದವರ ಹೆಸರನ್ನಲ್ಲ. ದಾಸೋಜ, ಚಾವಣರು ಮಾಡಿದ್ದನ್ನು ನಮ್ಮ ಹುಡುಗರೂ ಮಾಡಲಿ ಅಂತ ನಾನು ಹೇಳುತ್ತಿರುತ್ತೇನೆ. ಪೀಠದ ಕೆಳಗೆ ಹೆಸರು, ಊರು, ಇಸವಿ. ಕನ್ನಡ ಅಕ್ಷರ ದುಂಡಗಿರುವುದರಿಂದ ಮರದಲ್ಲಿ ಕೊರೆಯುವುದು ಸ್ವಲ್ಪ ತ್ರಾಸ, ಬಾಯಿ ದುಂಡಗಿರುವ ಸಣ್ಣ ಉಳಿ ಬೇಕಾಗುತ್ತದೆ.

ಶಾಲೆಯಲ್ಲಿ ಶುರು ಮಾಡುವುದಕ್ಕೆ ದೊಡ್ಡ ಅನುದಾನ ಬೇಡ. ನಾನು ನೋಡಿದಂತೆ ಸೋಪಿನಿಂದ ಶುರು ಮಾಡುವುದು ಒಳ್ಳೆಯದು. ಒಂದು ಮೈಸೋಪಿನ ಬಿಲ್ಲೆ, ಮೊಂಡು ಚಾಕು ಅಥವಾ ಚಪ್ಪಟೆ ಮಾಡಿದ ತಂತಿ. ಎಳೆ ಇಲ್ಲ, ಗಂಟಿಲ್ಲ, ಮಗು ಯಾವ ದಿಕ್ಕಿಗೆ ಕೊರೆದರೂ ಬಿಟ್ಟುಕೊಡುತ್ತದೆ. ಉಳಿದ ಪುಡಿಯಲ್ಲಿ ಬಿಸಿಯೂಟದ ಹೊತ್ತಿಗೆ ಕೈ ತೊಳೆಯಬಹುದು. ಎಂಟನೇ ತರಗತಿಗೆ ಬಂದ ಮೇಲೆ ಹಾಲವಾಣದಂಥ ಮೆತ್ತನೆಯ ಮರ, ಆಮೇಲೆ ಬೇವು, ಹಲಸು. ಇವಕ್ಕೆ ಕಾಸು ಕೊಡಬೇಕಾಗಿಲ್ಲ, ಊರಿನಲ್ಲಿ ರೆಂಬೆ ಕಡಿದಾಗ ಕೇಳಿದರೆ ಸಿಗುತ್ತದೆ. ಹಸಿ ಮರ ಕೆತ್ತಿ ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ, ನೆರಳಿನಲ್ಲಿ ಒಣಗಿಸಿ ಇಟ್ಟುಕೊಳ್ಳಿ. ಉಳಿಯನ್ನು ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಿಂದ ಕುಲುಮೆಯವರು ಬಡಿದು ಕೊಡುತ್ತಾರೆ.

"ಮಕ್ಕಳ ಕೈಗೆ ಉಳಿ ಕೊಡ್ತೀರಾ, ಕೈ ಕುಯ್ದುಕೊಂಡರೆ?" ಅಂತ ಪೋಷಕರು ಕೇಳುವುದು ನ್ಯಾಯವೇ. ಮರವನ್ನು ಬೆಂಚಿಗೆ ಬಿಗಿದು ಕಟ್ಟಬೇಕು, ಕೈಯಲ್ಲಿ ಹಿಡಿದು ಕೆತ್ತುವ ಹಾಗಿಲ್ಲ. ಎಡಗೈ ಯಾವಾಗಲೂ ಅಲಗಿನ ಹಿಂದೆ ಇರಬೇಕು, ಮುಂದೆ ಬರಬಾರದು. ಮತ್ತೆ, ಮೊಂಡು ಉಳಿಯೇ ಹೆಚ್ಚು ಅಪಾಯ, ಯಾಕೆಂದರೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದಾಗ ಜಾರುತ್ತದೆ. ಒಮ್ಮೆಗೆ ಆರು ಮಕ್ಕಳಿಗಿಂತ ಹೆಚ್ಚು ಕೂರಿಸಬೇಡಿ. ಇದೇ ಮಕ್ಕಳು ಮನೆಯಲ್ಲಿ ಕುಡುಗೋಲು ಹಿಡಿದು ಮೇವು ಕೊಯ್ಯುತ್ತಾರೆ ಅನ್ನುವುದನ್ನೂ ಪೋಷಕರಿಗೆ ನೆನಪು ಮಾಡಿ. ಹೆಣ್ಣುಮಕ್ಕಳನ್ನು ಬಿಡಬೇಡಿ. ನಾನು ಕಂಡ ಹಾಗೆ ಗೀರಿನ ಕೆಲಸದಲ್ಲಿ ಅವರ ತಾಳ್ಮೆ ಹೆಚ್ಚು, ರಂಗೋಲಿ ಹಾಕಿದ ಕೈ.

ಊರಿನಲ್ಲಿ ಇರುವ ಹಿರಿಯ ಬಡಗಿಯನ್ನು ತಿಂಗಳಿಗೊಮ್ಮೆ ಕರೆಸಿ, ಕುರ್ಚಿ ಹಾಕಿ ಕೂರಿಸಿ. ಮಕ್ಕಳಿಗೆ ಅವರ ಕುಲ ಹೇಳಬೇಡಿ, ಕೆಲಸ ತೋರಿಸಲಿ. ದೂರ ಅಲ್ಲ ಅಂದರೆ ಮಾಲೂರು ತಾಲೂಕಿನ ಶಿವಾರಪಟ್ಟಣಕ್ಕೆ ಒಂದು ದಿನದ ಪ್ರವಾಸ ಹೋಗಿಬನ್ನಿ, ಅಲ್ಲಿ ಬೀದಿ ಬೀದಿಯಲ್ಲೂ ಶಿಲ್ಪಿಗಳ ಚಾಣದ ಸದ್ದು. ಹೆಚ್ಚಾಗಿ ಕಲ್ಲಿನ ಕೆಲಸ, ಆದರೂ ಒಂದೇ ಹನುಮಂತನನ್ನು ನಾಲ್ಕು ಮನೆಯಲ್ಲಿ ನಾಲ್ಕು ಥರ ನೋಡಬಹುದು. ಮುಂದೆ ಓದಬೇಕು ಅನ್ನುವ ಮಕ್ಕಳಿಗೆ ಮಹಾಬಲಿಪುರದಲ್ಲಿ 1957ರಿಂದ ನಡೆಯುತ್ತಿರುವ ಸರ್ಕಾರಿ ಶಿಲ್ಪ ಕಾಲೇಜಿದೆ. ಗಡಿಯ ಆಚೆ ಬಿಡದಿ ಹತ್ತಿರ ಜೋಗರದೊಡ್ಡಿಯಲ್ಲೂ ಕಾರ್ಕಳ ಹತ್ತಿರ ಮಿಯ್ಯಾರಿನಲ್ಲೂ ಕೆನರಾ ಬ್ಯಾಂಕಿನ ಟ್ರಸ್ಟಿನವರ ಕರಕುಶಲ ತರಬೇತಿ ಸಂಸ್ಥೆಗಳಿವೆ, ಮರದ ಕೆತ್ತನೆಯೂ ಇದೆ, ಜಾತಿ ಕೇಳುವುದಿಲ್ಲ. ಅರ್ಜಿ ಯಾವಾಗ, ವಯಸ್ಸು ಎಷ್ಟು ಅನ್ನುವುದನ್ನು ಅಲ್ಲಿಗೇ ಫೋನು ಮಾಡಿ ಕೇಳಿ, ವರ್ಷ ವರ್ಷ ಬದಲಾಗುತ್ತಿರುತ್ತದೆ.

ನಿಮ್ಮ ಶಾಲೆಯಲ್ಲಿ ಯಾರಾದರೂ ಇಂಥ ಪ್ರಯತ್ನ ಮಾಡಿದ್ದರೆ ಮಕ್ಕಳು ಮಾಡಿದ ಒಂದೆರಡು ವಸ್ತುಗಳನ್ನು ಮುಂದಿನ ಕನ್ನಡ ಶಿಕ್ಷಕರ ಸಭೆಗೆ ತನ್ನಿ. ಕೊಂಬು ಸಮ ಇಲ್ಲದಿದ್ದರೂ ಪರವಾಗಿಲ್ಲ.